ಬಿಸಿ ಹುಟ್ಟುವ ಜಾಗ: ಮಾರ್ಪಡಿಸಿದ ಆಫ್‌ರೋಡ್ ವಾಹನದ ಆಟೋಮ್ಯಾಟಿಕ್ ಗೇರ್‌ಬಾಕ್ಸ್

ಆಫ್‌ರೋಡ್ ಓಡಾಟಕ್ಕೆಂದು ವಾಹನವನ್ನು ಮಾರ್ಪಡಿಸುವವರು ಟೈರು, ಸಸ್ಪೆನ್ಷನ್, ಬುಲ್ ಬಾರ್, ವಿಂಚ್ ಇವುಗಳ ಬಗ್ಗೆ ತಿಂಗಳುಗಟ್ಟಲೆ ಯೋಚಿಸುತ್ತಾರೆ. ಈ ಪ್ರತಿಯೊಂದು ಬದಲಾವಣೆಯೂ ಗೇರ್‌ಬಾಕ್ಸಿನ ಮೇಲೆ ಹೇರುವ ಹೊರೆ ಮಾತ್ರ ನೆನಪಾಗುವುದು ಬಹುತೇಕ ಆಯಿಲ್ ಸುಟ್ಟ ವಾಸನೆ ಬಂದ ಮೇಲೆಯೇ. ಆಗ ಸಿಗುವ ಸಲಹೆಯೂ ಸಾಮಾನ್ಯವಾಗಿ ಒಂದೇ: ಗೇರ್‌ಬಾಕ್ಸಿನ ಆಯಿಲನ್ನು ತಣಿಸುವ ದೊಡ್ಡ ಕೂಲರ್ ಹಾಕಿಸಿ. ಕೂಲರ್ ಬೇಕು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಬಿಸಿ ಎಲ್ಲಿ ಹುಟ್ಟುತ್ತಿದೆ, ಏಕೆ ಹುಟ್ಟುತ್ತಿದೆ ಎಂದು ತಿಳಿಯದೆ ಹಾಕಿದ ಕೂಲರ್ ಅರ್ಧ ಕೆಲಸವನ್ನಷ್ಟೇ ಮಾಡುತ್ತದೆ. ಹುಟ್ಟುವ ಬಿಸಿಯನ್ನು ಮೊದಲು ತಗ್ಗಿಸಿ, ಉಳಿದದ್ದನ್ನು ಹೊರಹಾಕುವ ವ್ಯವಸ್ಥೆಯನ್ನು ಆಮೇಲೆ ಮಾಡಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮ್ಯಾನ್ಯುಯಲ್ ಗೇರ್‌ಬಾಕ್ಸಿನಲ್ಲಿ ಕ್ಲಚ್ ಇರುವ ಜಾಗದಲ್ಲಿ ಸಾಂಪ್ರದಾಯಿಕ ಆಟೋಮ್ಯಾಟಿಕ್‌ನಲ್ಲಿ ಟಾರ್ಕ್ ಕನ್ವರ್ಟರ್ ಇರುತ್ತದೆ. ಎಂಜಿನ್ ತಿರುಗಿಸುವ ಇಂಪೆಲ್ಲರ್ ಆಯಿಲನ್ನು ರಭಸದಿಂದ ಎಸೆಯುತ್ತದೆ, ಆ ಆಯಿಲ್ ಟರ್ಬೈನನ್ನು ತಿರುಗಿಸುತ್ತದೆ, ನಡುವೆ ಇರುವ ಸ್ಟೇಟರ್ ಮರಳುವ ಆಯಿಲಿನ ದಿಕ್ಕನ್ನು ಬದಲಿಸಿ ಟಾರ್ಕನ್ನು ಹೆಚ್ಚಿಸುತ್ತದೆ. ಇಂಪೆಲ್ಲರ್ ಮತ್ತು ಟರ್ಬೈನ್‌ಗಳ ವೇಗದಲ್ಲಿ ಅಂತರ, ಅಂದರೆ ಜಾರುವಿಕೆ, ಇರುವಷ್ಟು ಹೊತ್ತೂ ಎಂಜಿನ್ನಿನ ಶಕ್ತಿಯ ಒಂದು ಪಾಲು ಚಕ್ರಗಳನ್ನು ತಲುಪದೆ ಆಯಿಲಿನಲ್ಲೇ ಬಿಸಿಯಾಗಿ ಉಳಿಯುತ್ತದೆ. ಚಕ್ರ ಒಂದು ಬಂಡೆಗೆ ಒತ್ತಿಕೊಂಡು ನಿಂತಿದ್ದು ನೀವು ಆಕ್ಸಿಲರೇಟರ್ ಒತ್ತುತ್ತಲೇ ಇದ್ದರೆ ಕನ್ವರ್ಟರಿಗೆ ಹೋದ ಶಕ್ತಿಯೆಲ್ಲವೂ ಬಿಸಿಯೇ ಆಗುತ್ತದೆ.

ಇದರ ಪ್ರಮಾಣ ಎಷ್ಟೆಂದು ಒಂದು ಸರಳ ಲೆಕ್ಕದಿಂದ ನೋಡಬಹುದು. ಕಡಿದಾದ ಏರಿನಲ್ಲಿ ಎಂಜಿನ್ 25 ಕಿಲೋವ್ಯಾಟ್ ಕೊಡುತ್ತಿದ್ದು, ಕನ್ವರ್ಟರ್ ಶೇಕಡಾ 60ರಷ್ಟನ್ನು ಮಾತ್ರ ಮುಂದಕ್ಕೆ ದಾಟಿಸುತ್ತಿದೆ ಎಂದುಕೊಳ್ಳಿ. ಉಳಿದ 10 ಕಿಲೋವ್ಯಾಟ್ ಆಯಿಲಿಗೆ ಹೋಗುತ್ತದೆ. ಎಂಟು ಲೀಟರ್ ಆಯಿಲಿನ ತೂಕ ಹೆಚ್ಚುಕಡಿಮೆ 6.8 ಕಿಲೋ, ಅದರ ತಾಪವನ್ನು ಒಂದು ಡಿಗ್ರಿ ಸೆಲ್ಸಿಯಸ್ ಏರಿಸಲು ಸುಮಾರು 14 ಕಿಲೋಜೂಲ್ ಸಾಕು. ಅಂದರೆ ಹೊರಹೋಗುವ ದಾರಿ ಇಲ್ಲದಿದ್ದರೆ ಒಂದೂವರೆ ಸೆಕೆಂಡಿಗೂ ಮುಂಚೆಯೇ ಒಂದು ಡಿಗ್ರಿ ಏರುತ್ತದೆ, 90ರಲ್ಲಿದ್ದ ಆಯಿಲ್ ಒಂದು ನಿಮಿಷದೊಳಗೆ 120 ದಾಟುತ್ತದೆ. ಗೇರ್‌ಬಾಕ್ಸಿನ ಲೋಹವೂ ಬಿಸಿಯನ್ನು ಹೀರುವುದರಿಂದ ವಾಸ್ತವದಲ್ಲಿ ಇದು ಸ್ವಲ್ಪ ನಿಧಾನವಾಗುತ್ತದೆ, ಕೂಲರ್ ಒಂದಷ್ಟನ್ನು ಒಯ್ಯುತ್ತದೆ. ಆದರೂ ನಿಮಿಷಗಳ ಲೆಕ್ಕದಲ್ಲಿ ನಡೆಯುವ ಸಂಗತಿ ಇದು, ಗಂಟೆಗಳ ಲೆಕ್ಕದಲ್ಲಿ ಅಲ್ಲ.

ಈಗ ಟೈರಿನ ವಿಷಯ. 31 ಇಂಚಿನ ಟೈರ್ ತೆಗೆದು 35 ಇಂಚಿನದನ್ನು ಹಾಕಿದರೆ ವ್ಯಾಸ ಸುಮಾರು ಶೇಕಡಾ 13ರಷ್ಟು ಹೆಚ್ಚುತ್ತದೆ. ಚಕ್ರಗಳಿಗೆ ತಿರುಗುವಿಕೆಯನ್ನು ಹಂಚುವ ಡಿಫರೆನ್ಷಿಯಲ್‌ನ ಗೇರ್ ಅನುಪಾತ 3.73 ಇದ್ದರೆ ಅದು 3.30 ಇದ್ದಂತೆ ವರ್ತಿಸತೊಡಗುತ್ತದೆ. ಅದೇ ಏರನ್ನು ಹತ್ತಲು ಎಂಜಿನ್ ಹೆಚ್ಚು ಟಾರ್ಕ್ ಕೊಡಬೇಕಾಗುತ್ತದೆ, ಟರ್ಬೈನ್ ನಿಧಾನವಾಗಿ ತಿರುಗುತ್ತದೆ, ಜಾರುವಿಕೆ ಹೆಚ್ಚುತ್ತದೆ. ಮೊದಲಿನ ಸ್ಥಿತಿಗೆ ಮರಳಲು 4.2ರ ಆಸುಪಾಸಿನ ಅನುಪಾತ ಬೇಕು. ಬುಲ್ ಬಾರ್, ವಿಂಚ್, ಸಾಮಾನುಗಳ ತೂಕವೂ ಸೇರಿರುವ ವಾಹನಕ್ಕೆ 4.56 ಹಾಕಿಸುವುದು ನನ್ನ ದೃಷ್ಟಿಯಲ್ಲಿ ಅತಿರೇಕವಲ್ಲ. ಡಿಫರೆನ್ಷಿಯಲ್ ಗೇರುಗಳನ್ನು ಬದಲಿಸುವುದು ಕೂಲರ್ ಹಾಕಿಸುವುದಕ್ಕಿಂತ ದುಬಾರಿ ಕೆಲಸ, ಹೊರಗಿನಿಂದ ಕಾಣುವಂಥದ್ದೂ ಅಲ್ಲ, ಹಾಗಾಗಿಯೇ ಎಲ್ಲರೂ ಅದನ್ನು ಕೊನೆಗೆ ತಳ್ಳುತ್ತಾರೆ. ಆದರೆ ಬಿಸಿಯನ್ನು ಬೇರಿನಲ್ಲೇ ಕಡಿಮೆ ಮಾಡುವ ಮುಖ್ಯ ಮಾರ್ಪಾಡು ಅದೇ. ಟೈರಿನ ಅಳತೆ ಅಥವಾ ಅನುಪಾತ ಬದಲಾದಾಗ ಅದನ್ನು ವಾಹನದ ಕಂಪ್ಯೂಟರಿಗೂ ತಿಳಿಸಬೇಕು. ಇಲ್ಲವಾದರೆ ಅದು ವೇಗವನ್ನು ತಪ್ಪಾಗಿ ಓದಿ, ತಪ್ಪು ಹೊತ್ತಿನಲ್ಲಿ ಗೇರ್ ಬದಲಿಸುತ್ತದೆ, ಕನ್ವರ್ಟರಿನ ಲಾಕ್‌ಅಪ್ ಕ್ಲಚ್ಚನ್ನೂ ತಪ್ಪು ಹೊತ್ತಿನಲ್ಲಿ ಹಿಡಿಸುತ್ತದೆ.

ಈ ಲಾಕ್‌ಅಪ್ ಕ್ಲಚ್ ಪೂರ್ತಿ ಹಿಡಿದಾಗ ಇಂಪೆಲ್ಲರ್ ಮತ್ತು ಟರ್ಬೈನ್ ಒಂದಾಗಿ ತಿರುಗುತ್ತವೆ, ಜಾರುವಿಕೆ ನಿಲ್ಲುತ್ತದೆ, ಆಯಿಲಿನ ತಾಪ ಕಣ್ಣೆದುರಿಗೇ ಇಳಿಯುತ್ತದೆ. ಹಳೆಯ ಗೇರ್‌ಬಾಕ್ಸುಗಳಲ್ಲಿ ಅದು ಮೇಲಿನ ಗೇರುಗಳಲ್ಲಿ, ನಿರ್ದಿಷ್ಟ ವೇಗ ದಾಟಿದ ಮೇಲೆ ಮಾತ್ರ ಹಿಡಿಯುತ್ತದೆ. ಹೀಗಾಗಿ ನಿಧಾನವಾಗಿ ಬಂಡೆ ಹತ್ತುವುದಕ್ಕಿಂತಲೂ, ಆಳವಾದ ಮರಳಿನಲ್ಲಿ ಮಧ್ಯಮ ವೇಗದಲ್ಲಿ, ಎತ್ತರದ ಗೇರಿನಲ್ಲಿ, ಲಾಕ್ ಹಿಡಿಯದೆ ದೀರ್ಘಕಾಲ ಓಡುವುದು ಹೆಚ್ಚು ಅಪಾಯಕಾರಿ. ಕೈಯಿಂದ ಲಾಕ್ ಹಿಡಿಸುವ ಸ್ವಿಚ್ಚುಗಳೂ ಸಿಗುತ್ತವೆ. ಕೆಳಗಿನ ಗೇರಿನಲ್ಲಿ ಭಾರೀ ಟಾರ್ಕನ್ನು ಹೊರುವಂತೆ ಆ ಸಣ್ಣ ಕ್ಲಚ್ಚನ್ನು ಎಲ್ಲ ಗೇರ್‌ಬಾಕ್ಸುಗಳಲ್ಲೂ ರೂಪಿಸಿರುವುದಿಲ್ಲವಾದ್ದರಿಂದ, ಅಂಥ ಸ್ವಿಚ್ಚನ್ನು ಸಂಯಮದಿಂದ ಬಳಸಬೇಕು.

ಅಳೆಯದೆ ಯಾವುದನ್ನೂ ನಿಭಾಯಿಸಲಾಗದು. ಕಾರ್ಖಾನೆಯಿಂದ ಬರುವ ಎಚ್ಚರಿಕೆಯ ದೀಪ ಬಹಳಷ್ಟು ವಾಹನಗಳಲ್ಲಿ ಹಾನಿ ಆರಂಭವಾದ ಮೇಲೆ ಉರಿಯುತ್ತದೆ. ಹೊಸ ವಾಹನಗಳಲ್ಲಿ ಓಬಿಡಿ ಸಾಕೆಟ್ಟಿಗೆ (ವಾಹನದ ಕಂಪ್ಯೂಟರಿನ ಮಾಹಿತಿ ಓದುವ ಕಿಂಡಿಗೆ) ಅಡಾಪ್ಟರ್ ಹಾಕಿ ಫೋನಿನಲ್ಲೇ ಗೇರ್‌ಬಾಕ್ಸಿನ ತಾಪವನ್ನು ಓದಬಹುದು. ಹಳೆಯದರಲ್ಲಿ ಪ್ರತ್ಯೇಕ ಸೆನ್ಸರ್ ಬೇಕು. ಆ ಸೆನ್ಸರ್ ಎಲ್ಲಿದೆ ಎಂಬುದು ಅಂಕಿಯಷ್ಟೇ ಮುಖ್ಯ. ಗೇರ್‌ಬಾಕ್ಸಿನ ತಳದಲ್ಲಿ ಆಯಿಲ್ ನಿಲ್ಲುವ ಪ್ಯಾನಿನಲ್ಲಿರುವ ಸೆನ್ಸರ್ ಒಟ್ಟು ಆಯಿಲಿನ ಸರಾಸರಿ ಸ್ಥಿತಿಯನ್ನು ನಿಧಾನವಾಗಿ ತೋರಿಸುತ್ತದೆ. ಕನ್ವರ್ಟರಿನಿಂದ ಕೂಲರಿಗೆ ಹೋಗುವ ಪೈಪಿನಲ್ಲಿರುವ ಸೆನ್ಸರ್ ಒಂದೇ ಏರಿನಲ್ಲಿ ಹಲವು ಹತ್ತು ಡಿಗ್ರಿ ನೆಗೆದು ಮತ್ತೆ ಇಳಿಯುತ್ತದೆ. ಒಬ್ಬರ 130 ಡಿಗ್ರಿಯನ್ನು ಇನ್ನೊಬ್ಬರ 95 ಡಿಗ್ರಿಯೊಂದಿಗೆ ಹೋಲಿಸುವ ಮುನ್ನ ಇದನ್ನು ಕೇಳಿ ತಿಳಿಯಬೇಕು. ಒಂದೇ ಸೆನ್ಸರಿಗೆ ಅವಕಾಶವಿದ್ದರೆ ನಾನು ಪ್ಯಾನನ್ನೇ ಆರಿಸುತ್ತೇನೆ.

ಪ್ಯಾನಿನಲ್ಲಿ 80ರಿಂದ 95 ಡಿಗ್ರಿ ಆರೋಗ್ಯಕರ. 110 ದಾಟಿದರೆ ಚಾಲನೆಯ ರೀತಿಯನ್ನು ಬದಲಿಸಬೇಕು, 120ರ ಹತ್ತಿರ ಬಂದರೆ ನಿಲ್ಲಿಸಬೇಕು. ಅದರಾಚೆ ಆಯಿಲ್ ಉತ್ಕರ್ಷಣಗೊಂಡು ವಾಲ್ವುಗಳ ಮೇಲೆ ವಾರ್ನಿಷ್‌ನಂಥ ಪದರ ಕಟ್ಟುತ್ತದೆ, ರಬ್ಬರ್ ಸೀಲುಗಳು ಗಡುಸಾಗುತ್ತವೆ, ಒತ್ತಡ ಸೋರಿ ಕ್ಲಚ್ ಪ್ಲೇಟುಗಳು ಜಾರತೊಡಗುತ್ತವೆ, ಜಾರಿದ ಪ್ಲೇಟುಗಳು ಮತ್ತಷ್ಟು ಬಿಸಿಯನ್ನು ಹುಟ್ಟಿಸುತ್ತವೆ. ತಾಪ ಹತ್ತು ಡಿಗ್ರಿ ಏರಿದಂತೆಲ್ಲ ಆಯಿಲಿನ ಆಯುಷ್ಯ ಹೆಚ್ಚುಕಡಿಮೆ ಅರ್ಧವಾಗುತ್ತದೆ ಎಂಬ ಸ್ಥೂಲ ನಿಯಮವನ್ನು ನೆನಪಿನಲ್ಲಿಟ್ಟುಕೊಂಡರೆ ಸಾಕು.

ಇನ್ನು ಕೂಲರ್. ಕಾರ್ಖಾನೆಯ ಕೂಲರ್ ಅನೇಕ ವಾಹನಗಳಲ್ಲಿ ರೇಡಿಯೇಟರಿನ ತಣ್ಣನೆಯ ಬದಿಯ ಟ್ಯಾಂಕಿನೊಳಗೇ ಇರುತ್ತದೆ. ಅದನ್ನು ಕಿತ್ತು ಹಾಕಿ ಗಾಳಿಯ ಕೂಲರನ್ನು ಮಾತ್ರ ಇಟ್ಟುಕೊಳ್ಳಬೇಕೆಂಬ ವಾದವನ್ನು ನಾನು ಒಪ್ಪುವುದಿಲ್ಲ. ಆಯಿಲ್ 130 ಡಿಗ್ರಿಗೆ ಏರಿದಾಗ 90 ಡಿಗ್ರಿಯ ಕೂಲಂಟ್ (ರೇಡಿಯೇಟರಿನಲ್ಲಿ ಹರಿದು ಎಂಜಿನನ್ನು ತಣಿಸುವ ದ್ರವ) ಕೂಡ ಅದರ ಪಾಲಿಗೆ ತಣ್ಣಗಿನದೇ, ಮತ್ತು ದ್ರವವು ಗಾಳಿಗಿಂತ ಬಹಳ ಚೆನ್ನಾಗಿ ಬಿಸಿಯನ್ನು ಒಯ್ಯುತ್ತದೆ. ಚಳಿಯಲ್ಲಿ ಅದೇ ಕೂಲಂಟ್ ಆಯಿಲನ್ನು ಬೇಗ ಕೆಲಸದ ತಾಪಕ್ಕೆ ತರುತ್ತದೆ. ಆದ್ದರಿಂದ ಆಯಿಲ್ ಮೊದಲು ರೇಡಿಯೇಟರಿಗೆ, ಆಮೇಲೆ ಹೊರಗಿನ ಕೂಲರಿಗೆ, ಅಲ್ಲಿಂದ ಗೇರ್‌ಬಾಕ್ಸಿಗೆ ಎಂಬ ಕ್ರಮ ಸರಿಯಾದದ್ದು. ಆದರೆ ಹಳೆಯ ರೇಡಿಯೇಟರಿನ ಒಳಗಿನ ಕೂಲರ್ ತುಕ್ಕು ತಿಂದು ತೂತಾದರೆ ಕೂಲಂಟ್ ಆಯಿಲಿಗೆ ಬೆರೆತು ಕ್ಲಚ್ ಪ್ಲೇಟುಗಳ ಅಂಟನ್ನೇ ಬಿಡಿಸುತ್ತದೆ; ಕಷ್ಟದ ಓಡಾಟಕ್ಕೆ ಬಳಸುವ ವಾಹನದಲ್ಲಿ ವಯಸ್ಸಾದ ರೇಡಿಯೇಟರನ್ನು ಕಾಯದೆ ಬದಲಿಸಬೇಕು.

ಹೊರಗಿನ ಕೂಲರುಗಳಲ್ಲಿ ಒಂದರ ಮೇಲೊಂದು ತಟ್ಟೆ ಜೋಡಿಸಿದ ಸ್ಟ್ಯಾಕ್ಡ್ ಪ್ಲೇಟ್ ಮಾದರಿ ಅದೇ ಅಳತೆಯ ಟ್ಯೂಬ್ ಮಾದರಿಗಿಂತ ಉತ್ತಮ. ಅದನ್ನು ಎಲ್ಲಿ ಕೂರಿಸಬೇಕೆಂಬುದು ನಿಜವಾಗಿ ಕಷ್ಟದ ಪ್ರಶ್ನೆ. ಗ್ರಿಲ್ಲಿನ ಹಿಂದೆ, ಏಸಿ ಕಂಡೆನ್ಸರಿನ ಮುಂದೆ ಇಟ್ಟರೆ ಹೆದ್ದಾರಿಯಲ್ಲಿ ಗಾಳಿ ಚೆನ್ನಾಗಿ ಸಿಗುತ್ತದೆ, ಆದರೆ ಅದರ ಬಿಸಿಯೆಲ್ಲ ಹಿಂದಿನ ರೇಡಿಯೇಟರಿಗೆ ಹೋಗುತ್ತದೆ. ಜೊತೆಗೆ ವಿಂಚು, ಹೆಚ್ಚುವರಿ ದೀಪಗಳು, ನಂಬರ್ ಪ್ಲೇಟು ಆ ಗಾಳಿಗೆ ಮೊದಲೇ ಅಡ್ಡ ನಿಂತಿರುತ್ತವೆ. ನಡೆದು ಹೋಗುವಷ್ಟೇ ವೇಗದಲ್ಲಿ ಏರು ಹತ್ತುವಾಗ ಎದುರುಗಾಳಿ ಎಂಬುದೇ ಇರುವುದಿಲ್ಲ. ಹಾಗಾಗಿ ನಿಧಾನದ ಓಡಾಟವೇ ಹೆಚ್ಚಿರುವ ವಾಹನಕ್ಕೆ ಸ್ವಂತ ಎಲೆಕ್ಟ್ರಿಕ್ ಫ್ಯಾನ್ ಇರುವ ಕೂಲರನ್ನು, 80 ಡಿಗ್ರಿಯ ಆಸುಪಾಸಿನಲ್ಲಿ ತಾನಾಗಿ ಚಾಲೂ ಆಗುವ ಥರ್ಮೋಸ್ಟ್ಯಾಟ್ ಸ್ವಿಚ್ಚಿನೊಂದಿಗೆ, ಕಲ್ಲು ಮತ್ತು ಕೆಸರು ತಾಗದ ಜಾಗದಲ್ಲಿ ಕೂರಿಸಬೇಕು. ಹೋಸುಗಳು ಟ್ರಾನ್ಸ್‌ಮಿಷನ್ ಆಯಿಲಿಗೆಂದೇ ತಯಾರಾದವಾಗಿರಲಿ, ಸೈಲೆನ್ಸರ್ ಪೈಪಿನಿಂದ ದೂರವಿರಲಿ. ಕೆಸರಿನ ಓಡಾಟ ಮುಗಿದ ಮೇಲೆ ಕೂಲರಿನ ರೆಕ್ಕೆಗಳ ನಡುವಿನ ಮಣ್ಣನ್ನು ಕಡಿಮೆ ಒತ್ತಡದ ನೀರಿನಿಂದ ತೊಳೆಯಬೇಕು.

ಆಳವಾದ ಪ್ಯಾನ್ ಹಾಕಿಸಿದರೆ ಆಯಿಲ್ ಬಿಸಿಯಾಗಲು ಹೆಚ್ಚು ಹೊತ್ತು ಬೇಕಾಗುತ್ತದೆ, ಅಷ್ಟೇ. ತಣಿಯಲೂ ಹೆಚ್ಚು ಹೊತ್ತು ಬೇಕು.

ಚಾಲಕನ ಕೈಯಲ್ಲಿರುವ ಅತ್ಯಂತ ದೊಡ್ಡ ಸಾಧನ ಲೋ ರೇಂಜ್, ಅಂದರೆ ನಿಧಾನದ ಓಡಾಟಕ್ಕೆಂದೇ ಇರುವ ಹೆಚ್ಚುವರಿ ಕೆಳ ಗೇರು. ಮುಂದಿನ, ಹಿಂದಿನ ಚಕ್ರಗಳಿಗೆ ಶಕ್ತಿಯನ್ನು ಹಂಚುವ ಟ್ರಾನ್ಸ್‌ಫರ್ ಕೇಸಿನಲ್ಲಿ ಅದರ ಅನುಪಾತ 2.7 ಇದ್ದರೆ, ಚಕ್ರಕ್ಕೆ ಅದೇ ಟಾರ್ಕ್ ಕೊಡಲು ಗೇರ್‌ಬಾಕ್ಸ್ ಹೊರಬೇಕಾದ ಟಾರ್ಕ್ ಹೆಚ್ಚುಕಡಿಮೆ ಮೂರನೇ ಒಂದಕ್ಕೆ ಇಳಿಯುತ್ತದೆ, ಅದೇ ವೇಗದಲ್ಲಿ ಟರ್ಬೈನ್ 2.7 ಪಟ್ಟು ಬೇಗ ತಿರುಗುತ್ತದೆ, ಜಾರುವಿಕೆ ಬಹುಪಾಲು ಕರಗಿಹೋಗುತ್ತದೆ. ಹೈ ರೇಂಜಿನಲ್ಲೇ ಹತ್ತಿಬಿಡಬಹುದು ಎನ್ನಿಸುವ ಏರಿನಲ್ಲೂ ಲೋ ರೇಂಜಿಗೆ ಹಾಕುವುದು ಗೇರ್‌ಬಾಕ್ಸಿಗೆ ತೋರುವ ಕಾಳಜಿ. ಮರಳಿನಲ್ಲಿ ಟೈರಿನ ಗಾಳಿ ಇಳಿಸಿ, ಗೇರನ್ನು ಕೈಯಿಂದ ಹಿಡಿದಿಟ್ಟು, ಏರಿನಲ್ಲಿ ವಾಹನವನ್ನು ಆಕ್ಸಿಲರೇಟರಿನಿಂದ ನಿಲ್ಲಿಸಿಕೊಳ್ಳದೆ ಬ್ರೇಕ್ ಬಳಸಿ. ತಾಪ ಮಿತಿ ಮೀರಿದರೆ ಎಂಜಿನನ್ನು ಆರಿಸಬಾರದು. ಆರಿಸಿದರೆ ಪಂಪ್ ನಿಂತು ಬಿಸಿ ಆಯಿಲ್ ಕನ್ವರ್ಟರಿನಲ್ಲೇ ಸಿಕ್ಕಿಕೊಳ್ಳುತ್ತದೆ. ಸಮತಟ್ಟಾದ ಜಾಗದಲ್ಲಿ ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟು, ನ್ಯೂಟ್ರಲ್‌ನಲ್ಲಿ ಎಂಜಿನನ್ನು 1200ರಿಂದ 1500 ಆರ್‌ಪಿಎಮ್‌ನಲ್ಲಿ ಓಡಲು ಬಿಡಿ. ಪಾರ್ಕ್ ಬೇಡವೆನ್ನಲು ಕಾರಣವಿದೆ: ಕ್ರೈಸ್ಲರ್‌ನ ಹಳೆಯ ಕೆಲವು ಗೇರ್‌ಬಾಕ್ಸುಗಳಲ್ಲಿ ಪಾರ್ಕ್ ಸ್ಥಿತಿಯಲ್ಲಿ ಆಯಿಲ್ ಕೂಲರಿಗೆ ಹರಿಯುವುದೇ ಇಲ್ಲ.

ಬಿಸಿಯಾದ ಗೇರ್‌ಬಾಕ್ಸ್ ಒಮ್ಮೆಲೇ ತಣ್ಣೀರಿಗಿಳಿದರೆ ಒಳಗಿನ ಗಾಳಿ ಕುಗ್ಗಿ, ಗಾಳಿಯಾಡುವ ಕೊಳವೆಯಾದ ಬ್ರೀದರ್ ಮೂಲಕ ನೀರನ್ನು ಎಳೆದುಕೊಳ್ಳುತ್ತದೆ. ಬ್ರೀದರ್ ಕೊಳವೆಯನ್ನು ಎಂಜಿನ್ ಬೇಯ ಮೇಲ್ಭಾಗದವರೆಗೆ ಎತ್ತರಿಸಿ ಕಟ್ಟಬೇಕು, ಹೊಳೆ ದಾಟುವ ಮುನ್ನ ಕೆಲವು ನಿಮಿಷ ನಿಂತು ತಾಪ ಇಳಿಯಲು ಬಿಡಬೇಕು. ದಾಟಿದ ಮೇಲೆ ಡಿಪ್‌ಸ್ಟಿಕ್ ಇದ್ದರೆ ಆಯಿಲಿನ ಬಣ್ಣ ನೋಡಿ. ಪಾರದರ್ಶಕ ಕೆಂಪು ಸರಿ. ಕಂದುಬಣ್ಣಕ್ಕೆ ತಿರುಗಿ ಸುಟ್ಟ ವಾಸನೆ ಬಂದರೆ ಬದಲಿಸುವ ಹೊತ್ತು ಮೀರಿದೆ. ಹಾಲು ಬೆರೆತಂತೆ ಮಸುಕು ಗುಲಾಬಿಯಾಗಿದ್ದರೆ ನೀರು ಅಥವಾ ಕೂಲಂಟ್ ಒಳಗೆ ಹೋಗಿದೆ, ವಾಹನವನ್ನು ಅಲ್ಲಿಂದ ಓಡಿಸದೆ ಎಳೆಸಿಕೊಂಡೇ ಹೋಗಬೇಕು.