ಬಸವ ಜಯಂತಿಯ ಬೆಳಿಗ್ಗೆ ಎಣಿಸಿದ ಕಲೆಗಳು

2024ರ ಮೇ 10, ಶುಕ್ರವಾರ, ಬಸವ ಜಯಂತಿಯ ರಜೆ. ಮೈಸೂರಿನ ನಮ್ಮ ಮನೆಯ ತಾರಸಿಯಲ್ಲಿ ಅಂದು ಬೆಳಿಗ್ಗೆ ಎಂಟು ಗಂಟೆಗೆ ಬಿಸಿಲಿಗಾಗಿ ಎರಡು ಪಕ್ಷಗಳು ಪೈಪೋಟಿಗೆ ನಿಂತಿದ್ದವು. ಅಕ್ಕಿ ಸಂಡಿಗೆ ಇಡಲು ಹಳೆಯ ಪಂಚೆ ಹಾಸಿಕೊಂಡಿದ್ದ ಅಮ್ಮ ಒಂದು ಕಡೆ. ಸೂರ್ಯನ ಮೇಲಿನ ಕಪ್ಪು ಕಲೆಗಳನ್ನು ಎಣಿಸಲು ಆರು ಇಂಚಿನ ಡಾಬ್ಸೋನಿಯನ್ ದೂರದರ್ಶಕವನ್ನು (ಪೀಠದ ಮೇಲೆ ಕೈಯಿಂದಲೇ ತಿರುಗಿಸುವಂಥದ್ದು) ಹೊತ್ತು ತಂದಿದ್ದ ನಾನು, ಬೇಸಿಗೆ ರಜೆಗೆ ಬಂದಿದ್ದ ನನ್ನ ತಂಗಿಯ ಮಗಳು ಇನ್ನೊಂದು ಕಡೆ. “ನಿನ್ನ ಫಿರಂಗಿಯ ನೆರಳು ಸಂಡಿಗೆಯ ಮೇಲೆ ಬೀಳಬಾರದು” ಎಂಬುದಷ್ಟೇ ಅಮ್ಮನ ಷರತ್ತು. ನಮಗೂ ಅಷ್ಟು ಹೊತ್ತೇನೂ ಬೇಕಿರಲಿಲ್ಲ. ಹತ್ತು ಗಂಟೆ ದಾಟಿ ತಾರಸಿ ಕಾದರೆ ಅದರ ಮೇಲಿನ ಗಾಳಿ ಕದಡಿ ಸೂರ್ಯನ ಅಂಚು ಕುದಿಯುವ ಎಸರಿನಂತೆ ನಡುಗತೊಡಗುತ್ತದೆ, ಸಣ್ಣ ಕಲೆಗಳು ಆ ನಡುಕದಲ್ಲಿ ಅಳಿಸಿಹೋಗುತ್ತವೆ.

ಸೂರ್ಯನತ್ತ ತಿರುಗಿಸುವ ಮೊದಲು ಮಾಡುವ ಕೆಲಸಗಳನ್ನು ನಾನು ಎಂದೂ ಅವಸರದಲ್ಲಿ ಮಾಡುವುದಿಲ್ಲ. ಹಲವು ವರ್ಷಗಳ ಹಿಂದೆ ಉಡುಗೊರೆಯಾಗಿ ಬಂದ ಪುಟ್ಟ ದೂರದರ್ಶಕವೊಂದರಲ್ಲಿ, ಕಣ್ಣಿಟ್ಟು ನೋಡುವ ಐಪೀಸಿಗೆ ತಿರುಗಿಸಿ ಕೂರಿಸುವ ಕಡುಹಸಿರು ಗಾಜು ಇತ್ತು. ಮಸೂರ ಒಟ್ಟುಗೂಡಿಸಿದ ಬಿಸಿಯೆಲ್ಲ ಅದರ ಮೇಲೆಯೇ ಬಿದ್ದು, ನಾನು ಬೆವರು ಒರೆಸಿಕೊಳ್ಳಲು ಕಣ್ಣು ತೆಗೆದ ಗಳಿಗೆಯಲ್ಲಿ ಅದು ಟಿಕ್ ಎಂದು ಸೀಳಿತು. ಅಂದಿನಿಂದ ನನ್ನ ನಂಬಿಕೆಯೆಲ್ಲ ಕೊಳವೆಯ ಮುಂಬಾಯಿಯನ್ನು ಪೂರ್ತಿ ಮುಚ್ಚುವ, ಬೆಳಕಿನ ಲಕ್ಷದಲ್ಲಿ ಒಂದು ಪಾಲನ್ನು ಮಾತ್ರ ಒಳಬಿಡುವ ಬೆಳ್ಳಿಬಣ್ಣದ ಫಿಲ್ಟರ್ ಹಾಳೆಯ ಮೇಲೆ. ಅದನ್ನು ಬಲ್ಬಿಗೆ ಹಿಡಿದು ಸೂಜಿತೂತುಗಳಿಲ್ಲವೆಂದು ನೋಡಿ, ಗಾಳಿಗೆ ಹಾರದಂತೆ ಸುತ್ತ ಟೇಪು ಹಚ್ಚಿ, ಗುರಿ ಹಿಡಿಯಲು ಕೊಳವೆಯ ಮೇಲಿರುವ ಪುಟ್ಟ ದೂರದರ್ಶಕವಾದ ಫೈಂಡರನ್ನು ಬಿಚ್ಚಿ ಕೆಳಗಿಟ್ಟೆವು. ಸೂರ್ಯನನ್ನು ಹುಡುಕಲು ಫೈಂಡರ್ ಬೇಕಾಗಿಯೂ ಇಲ್ಲ. ನೆಲದ ಮೇಲಿನ ಕೊಳವೆಯ ನೆರಳು ಅತ್ಯಂತ ಗಿಡ್ಡವಾಗುವವರೆಗೆ ಅದನ್ನು ಹೊರಳಿಸಿದರೆ ಸೂರ್ಯ ತಾನಾಗಿ ಒಳಗೆ ಬಂದು ಕೂರುತ್ತಾನೆ.

ಬಂದ ಸೂರ್ಯನನ್ನು ಕಂಡು ಇಬ್ಬರೂ ಸುಮ್ಮನಾದೆವು. ಖಗೋಳಜ್ಞರು 3664 ಎಂಬ ಸಂಖ್ಯೆ ಕೊಟ್ಟಿದ್ದ ಕಲೆಗಳ ಗುಂಪು ನಡುಗೆರೆಯನ್ನು ದಾಟಿ ಪಶ್ಚಿಮದ ಅಂಚಿನತ್ತ ಸಾಗುತ್ತಿತ್ತು. ಒಂದು ತುದಿಯಿಂದ ಇನ್ನೊಂದು ತುದಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್, ಅಂದರೆ ಹದಿನೈದು ಭೂಮಿಗಳನ್ನು ಸಾಲಾಗಿ ಜೋಡಿಸಬಹುದಾದ ಉದ್ದ. 2019ರ ಡಿಸೆಂಬರಿನ ಕಂಕಣ ಗ್ರಹಣಕ್ಕೆಂದು ಕೊಂಡಿದ್ದ ಕನ್ನಡಕದಲ್ಲಿ ಗೀರುಗಳಿಲ್ಲವೆಂದು ಖಚಿತಪಡಿಸಿಕೊಂಡು, ಹಿಟ್ಟು ಮೆತ್ತಿದ ಕೈಯಲ್ಲಿದ್ದ ಅಮ್ಮನ ಕಣ್ಣಿಗೆ ನಾನೇ ಹಿಡಿದೆ. ದೂರದರ್ಶಕವಿಲ್ಲದೆಯೇ ಅದು ಅವರಿಗೆ ಕಂಡಿತು. “ಕೆನ್ನೆಯ ಮೇಲಿನ ಮಚ್ಚೆಯ ಹಾಗಿದೆ” ಎಂದು ಹೇಳಿ ಸಂಡಿಗೆಗೆ ಮರಳಿದರು.

ಎಣಿಕೆ ಶುರುವಾದದ್ದು ಆಮೇಲೆ. ಅದಕ್ಕೊಂದು ಸೂತ್ರವಿದೆ. ಗುಂಪುಗಳ ಸಂಖ್ಯೆಯನ್ನು ಹತ್ತರಿಂದ ಗುಣಿಸಿ, ಅದಕ್ಕೆ ಬಿಡಿ ಕಲೆಗಳ ಸಂಖ್ಯೆಯನ್ನು ಕೂಡಿಸಬೇಕು. ನಲವತ್ತೆಂಟು ಪಟ್ಟು ಹಿಗ್ಗಿಸಿದ ಬಿಂಬ ಐಪೀಸಿನಲ್ಲಿ ಪೂರ್ತಿ ಹಿಡಿಸುತ್ತದಾದರೂ ಡಾಬ್ಸೋನಿಯನ್‌ಗೆ ಮೋಟಾರ್ ಇಲ್ಲದ ಕಾರಣ ಸೂರ್ಯ ಎರಡೇ ನಿಮಿಷದಲ್ಲಿ ತನ್ನ ಅಗಲದಷ್ಟು ಜಾರುತ್ತಾನೆ. ಮೂವತ್ತರವರೆಗೆ ಎಣಿಸಿದ ಮೇಲೆ ಕೊಳವೆಯನ್ನು ತಳ್ಳಲು ಹೋಗಿ ಲೆಕ್ಕ ತಪ್ಪಿಸಿಕೊಂಡದ್ದು ಒಂದೆರಡು ಬಾರಿಯಲ್ಲ. ಕೊನೆಗೆ ನನಗೆ ಆರು ಗುಂಪು, 71 ಕಲೆಗಳು ಸಿಕ್ಕವು, ಮೊತ್ತ 131. ನನ್ನ ಚೀಟಿಯನ್ನು ನೋಡದೆ ಎಣಿಸಿದ ಹುಡುಗಿಗೆ ಅದೇ ಆರು ಗುಂಪು, ಆದರೆ 94 ಕಲೆಗಳು, ಮೊತ್ತ 154.

ನಾನು ಮೊದಲು ಮಾಡಿದ್ದು ಅವಳನ್ನು ತಿದ್ದುವ ಕೆಲಸ. ಫಿಲ್ಟರ್ ಮೇಲಿನ ಧೂಳನ್ನು ಎಣಿಸಿರಬೇಕು ಎಂದೆ, ಧೂಳು ಅಲ್ಲಿಂದ ಕಾಣುವುದೇ ಇಲ್ಲವೆಂದು ಗೊತ್ತಿದ್ದೂ. ಅವಳು ಜಗಳವಾಡದೆ, ದೊಡ್ಡ ಗುಂಪಿನ ಬೂದು ಅರೆನೆರಳಿನೊಳಗೆ (ಕಲೆಯ ಕಪ್ಪು ನಡುಭಾಗದ ಸುತ್ತಲಿನ ಮಸುಕು ಅಂಚು) ನಾನು ಒಂದೇ ಎಂದು ಬಿಟ್ಟಿದ್ದ ಕರಿ ತಿರುಳನ್ನು ತೋರಿಸಿ, ನಡುವಿನ ಬೆಳಕಿನ ಗೆರೆಯನ್ನು ನೋಡು ಎಂದಳು. ಗಾಳಿ ಒಂದು ಕ್ಷಣ ನಿಂತಾಗ ಗೆರೆ ನನಗೂ ಕಂಡಿತು. ತಿರುಳುಗಳು ಮೂರಿದ್ದವು. ಚಾಳೀಸು ಹಾಕುವ ಕಣ್ಣಿಗೂ ಹದಿನಾಲ್ಕರ ಕಣ್ಣಿಗೂ ಇರುವ ಅಂತರವನ್ನು ನಾನು ಅಷ್ಟು ಹೊತ್ತು ಧೂಳೆಂದು ಕರೆಯುತ್ತಿದ್ದೆ.

ಈ ತಕರಾರು ಹೊಸದಲ್ಲ. ಈ ಎಣಿಕೆಯ ಸೂತ್ರವನ್ನು 1848ರ ಹೊತ್ತಿಗೆ ರೂಪಿಸಿದ ಸ್ವಿಟ್ಜರ್ಲೆಂಡಿನ ರುಡಾಲ್ಫ್ ವುಲ್ಫ್, ನಮ್ಮಂಥವರ ಬಳಿಯೂ ಇರಬಹುದಾದ 80 ಮಿಲಿಮೀಟರಿನ ದೂರದರ್ಶಕದಲ್ಲಿ 64 ಪಟ್ಟು ಹಿಗ್ಗಿಸಿ ನೋಡುತ್ತಿದ್ದರು, ಅತಿ ಸಣ್ಣ ಕಲೆಗಳನ್ನು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಅವರ ಸಹಾಯಕರಾಗಿ ಬಂದ ಆಲ್‌ಫ್ರೆಡ್ ವುಲ್ಫರ್ ಕಂಡದ್ದನ್ನೆಲ್ಲ ಎಣಿಸಿದರು. ಗುರುವಿನ ಅಳತೆಗೆ ಹೊಂದಲು ಶಿಷ್ಯನ ಸಂಖ್ಯೆಯನ್ನು 0.6ರಿಂದ ಗುಣಿಸಬೇಕಾಯಿತು. ಎಣಿಸುವ ಕಣ್ಣು ಯಾವುದೋ ಅದಕ್ಕೆ ತಕ್ಕ ಗುಣಾಂಕವೊಂದು ಹೀಗೆ ಸೂತ್ರದೊಳಗೇ ಸೇರಿತು, ಆ 0.6 ಜಗತ್ತಿನ ಅಧಿಕೃತ ಲೆಕ್ಕದಿಂದ ಬಿಟ್ಟುಹೋದದ್ದು 2015ರ ಜುಲೈನಲ್ಲಿ, ವುಲ್ಫರ್ ಎಣಿಕೆಯನ್ನೇ ಅಳತೆಗೋಲಾಗಿ ಒಪ್ಪಿಕೊಂಡಾಗ. ಇದನ್ನು ಹೇಳಿ ಮುಗಿಸುವಷ್ಟರಲ್ಲಿ ಹುಡುಗಿ ಭಾಗಾಕಾರ ಮಾಡಿಬಿಟ್ಟಿದ್ದಳು: “ನನ್ನದನ್ನ 0.85ರಿಂದ ಗುಣಿಸಿದ್ರೆ ನಿಂದು ಬರತ್ತೆ ದೊಡ್ಡಮ್ಮ.”

ನಾವು ತಿರುಳುಗಳ ಬಗ್ಗೆ ವಾದಿಸುತ್ತಿದ್ದಾಗ, ಅದೇ ಗುಂಪು ಹಿಂದಿನ ದಿನಗಳಲ್ಲಿ ಎಸೆದಿದ್ದ ಪ್ಲಾಸ್ಮಾ (ವಿದ್ಯುದಾವೇಶದ ಬಿಸಿ ಅನಿಲ) ಮೋಡಗಳು ಭೂಮಿಯ ದಾರಿಯಲ್ಲಿದ್ದವು. ಅಂದು ರಾತ್ರಿ ಅವು ಬಂದು ಅಪ್ಪಳಿಸಿ, 2003ರ ನಂತರ ಅಷ್ಟು ತೀವ್ರವಾದ ಭೂಕಾಂತೀಯ ಬಿರುಗಾಳಿ, ಅಂದರೆ ಭೂಮಿಯ ಕಾಂತಕ್ಷೇತ್ರದ ಕ್ಷೋಭೆ, ಎದ್ದಿತು. ಲಡಾಖಿನ ಹಾನ್ಲೆಯಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಕ್ಯಾಮೆರಾ ಅದರಿಂದ ಆಕಾಶದಲ್ಲಿ ಮೂಡಿದ ಕೆಂಪು ಬೆಳಕನ್ನು ಸೆರೆಹಿಡಿಯಿತು. ಮೈಸೂರಿನ ನಾವು ನಿದ್ದೆ ಮಾಡುತ್ತಿದ್ದೆವು.

ಮೇ ಕೊನೆಯ ವಾರದಲ್ಲಿ, ಸೂರ್ಯ ತಿರುಗಿ, ಆ ಗುಂಪಿನಲ್ಲಿ ಉಳಿದದ್ದು ಪೂರ್ವದ ಅಂಚಿನಲ್ಲಿ ಮತ್ತೆ ಕಾಣಿಸಿಕೊಂಡಿತು. ಅಷ್ಟರಲ್ಲಿ ಶಾಲೆ ತೆರೆಯುವ ಹೊತ್ತಾಗಿ ಹುಡುಗಿ ಊರಿಗೆ ಹೋಗಿದ್ದಳು. ನನ್ನ ಪುಸ್ತಕದಲ್ಲಿ ಮೇ 10ರ ಸಾಲಿನಲ್ಲಿ ಎರಡು ಸಂಖ್ಯೆಗಳಿವೆ. ಅವಳು ಹೋದ ನಂತರದ ಸಾಲುಗಳಲ್ಲಿ ಒಂದೊಂದೇ, ಪಕ್ಕದಲ್ಲಿ ಪೆನ್ಸಿಲ್ಲಿನಲ್ಲಿ 0.85.