ಮಧ್ಯವರ್ತಿ ಇಲ್ಲದ ಜಾಲ, ಬೆಂಗಳೂರಿನ ಪ್ರಶ್ನೆಗಳು

ಮ್ಯೂನಿಕ್‌ನ ಸಭಿಕರು ಕೇಳಬೇಕಾದ್ದನ್ನೆಲ್ಲ ಸಭಾಂಗಣದೊಳಗೇ ಕೇಳಿ ಮುಗಿಸುತ್ತಾರೆ. ಹೊರಗೆ ಬಂದರೆ ಹವಾಮಾನದ ಮಾತು. ಬೆಂಗಳೂರಿನಲ್ಲಿ ಒಳಗೆ ಒಂದೆರಡು ಪ್ರಶ್ನೆ ಬಂದರೆ ಹೆಚ್ಚು, ನಿಜವಾದ ವಿಚಾರಣೆ ಶುರುವಾಗುವುದು ಕಾಫಿ ವಿರಾಮದಲ್ಲಿ, ಅದೂ "ನಿಮ್ಮದು ಯಾವ ಊರು ಸರ್?" ಎಂಬಲ್ಲಿಂದ. ಇಷ್ಟು ವರ್ಷ ಜರ್ಮನಿಯಲ್ಲಿದ್ದು ಈ ವಿಚಾರಣೆಯ ರುಚಿ ಮರೆತೇಹೋಗಿತ್ತು.

ನಾನು ಬಂದದ್ದು ಪೀರ್-ಟು-ಪೀರ್ ಕಂಪ್ಯೂಟಿಂಗ್ (ನಡುವೆ ಯಜಮಾನನಿಲ್ಲದೆ ಕಂಪ್ಯೂಟರ್‌ಗಳು ಸಮಾನರಾಗಿ ನೇರ ಮಾತಾಡಿಕೊಳ್ಳುವ ವ್ಯವಸ್ಥೆ) ಮತ್ತು ವೆಬ್ ಸೇವೆಗಳ ಸಮ್ಮೇಳನಕ್ಕೆ. ಒಂದು ಪ್ರೋಗ್ರಾಂ ಇನ್ನೊಂದಕ್ಕೆ ಜಾಲದ ಮೂಲಕ ಒದಗಿಸುವ ಯಾವ ಸೇವೆ ಎಲ್ಲಿದೆ ಎಂದು ತಿಳಿಯಲು ಕೇಂದ್ರದಲ್ಲೊಂದು ನೋಂದಣಿ ಬೇಡ, ಕಂಪ್ಯೂಟರ್‌ಗಳೇ ಪರಸ್ಪರ ವಿಚಾರಿಸಿಕೊಳ್ಳಲಿ ಎನ್ನುವುದು ನನ್ನ ವಾದ. ಕೇಂದ್ರ ನೋಂದಣಿಯ ಪ್ರಯೋಗ ಆಗಲೇ ಆಗಿಹೋಗಿದೆ: 2000ದಲ್ಲಿ ಹುಟ್ಟಿದ, ವೆಬ್ ಸೇವೆಗಳನ್ನು ಪಟ್ಟಿ ಮಾಡುವ ಯುಡಿಡಿಐ ಎಂಬ ಮಾನದಂಡಕ್ಕಾಗಿ ಐಬಿಎಂ, ಮೈಕ್ರೋಸಾಫ್ಟ್, ಎಸ್‌ಎಪಿ ನಡೆಸುತ್ತಿದ್ದ ಸಾರ್ವಜನಿಕ ನೋಂದಣಿ 2006ರಲ್ಲಿ ಮುಚ್ಚಿತು. ಹಾಡು ಹಂಚಿಕೊಳ್ಳುವ ನ್ಯಾಪ್‌ಸ್ಟರ್‌ ಸೇವೆಯಲ್ಲಿ ಹಾಡುಗಳಿದ್ದದ್ದು ಬಳಕೆದಾರರ ಕಂಪ್ಯೂಟರ್‌ಗಳಲ್ಲೇ, ಯಾರ ಬಳಿ ಏನಿದೆ ಎಂಬ ಪಟ್ಟಿ ಮಾತ್ರ ಕಂಪನಿಯ ಸರ್ವರ್‌ನಲ್ಲಿ. ಹಕ್ಕುಸ್ವಾಮ್ಯದ ಮೊಕದ್ದಮೆಯಲ್ಲಿ ನ್ಯಾಯಾಲಯ ಹಿಡಿದದ್ದು ಆ ಪಟ್ಟಿಯನ್ನೇ. 2001ರಲ್ಲಿ ಆ ಸೇವೆ ನಿಂತಿತು. 2002ರ ಕೆಡೆಮ್ಲಿಯಾ ವಿಧಾನ ಪಟ್ಟಿಯನ್ನೂ ಎಲ್ಲರಿಗೆ ಹಂಚುತ್ತದೆ. ಪ್ರತಿ ನೋಡ್‌ಗೂ, ಅಂದರೆ ಜಾಲದ ಪ್ರತಿ ಕಂಪ್ಯೂಟರ್‌ಗೂ, 160 ಬಿಟ್‌ಗಳ ಒಂದು ಸಂಖ್ಯೆ. ಹುಡುಕಾಟದ ಪ್ರತಿ ಹೆಜ್ಜೆಗೂ ಈ ಸಂಖ್ಯೆಗಳ ಲೆಕ್ಕದಲ್ಲಿ ಗುರಿಯ ದೂರ ಅರ್ಧಕ್ಕಾದರೂ ಇಳಿಯುವುದರಿಂದ, ಹತ್ತು ಲಕ್ಷ ನೋಡ್‌ಗಳ ನಡುವೆ ಬೇಕಾದ್ದನ್ನು ಸುಮಾರು 20 ಹೆಜ್ಜೆಗಳಲ್ಲಿ ತಲುಪಬಹುದು. ಸ್ಲೈಡ್ ಮೇಲೆ ಇದು ಬಹಳ ಚೆಂದ ಕಾಣುತ್ತದೆ.

ಪ್ರಾತ್ಯಕ್ಷಿಕೆಗೆ ಎರಡು ಲ್ಯಾಪ್‌ಟಾಪ್ ತಂದಿದ್ದೆ. ಎರಡಕ್ಕೂ ಸಭಾಂಗಣದ ವೈಫೈ ಸಿಕ್ಕಿತು, ಇಂಟರ್ನೆಟ್ ಬಂತು, ಆದರೆ ಒಂದಕ್ಕೊಂದು ಕಾಣಲಿಲ್ಲ. "ಒಬ್ಬರ ಯಂತ್ರಕ್ಕೆ ಇನ್ನೊಬ್ಬರು ಕೈ ಹಾಕಬಾರದು ಎಂದು ಹಾಗೆ ಇಟ್ಟಿದ್ದೇವೆ ಸರ್" ಎಂದರು ತಂತ್ರಜ್ಞರು. ಸಮಾನರ ಜಾಲದ ಬಗ್ಗೆ ಮಾತನಾಡಲು ಬಂದವನಿಗೆ ಇದಕ್ಕಿಂತ ತಕ್ಕ ಸ್ವಾಗತ ಬೇಕೇ? ಅವರೇ ಚೀಲದಿಂದ ಅಂಗೈ ಅಗಲದ ಒಂದು ಸ್ವಿಚ್ಚನ್ನೂ ಎರಡು ನೀಲಿ ಕೇಬಲ್‌ಗಳನ್ನೂ ತೆಗೆದರು. ಒಂದರ ತುದಿಯ ಕೊಂಡಿ ಮುರಿದಿತ್ತು. ಜಾರದಂತೆ ಅದಕ್ಕೆ ಟೇಪ್ ಸುತ್ತಿ, ಮಂಡನೆ ಮುಗಿಯುವವರೆಗೂ ವೇದಿಕೆಯ ಪಕ್ಕದಲ್ಲೇ ನಿಂತಿದ್ದರು.

ಕಾಫಿ ಲೋಟ ಕೈಗೆ ಬರುವಷ್ಟರಲ್ಲಿ ಒಬ್ಬ ಯುವತಿ ಎದುರು ನಿಂತಿದ್ದಳು. "ಸರ್, ಎರಡೂ ಕಡೆ ಮೊಬೈಲ್ ಇಂಟರ್ನೆಟ್ ಇದ್ದರೆ ಯಾರು ಯಾರನ್ನು ಕರೆಯುತ್ತಾರೆ?" ಪ್ರಶ್ನೆ ಸರಿಯಾದ ಜಾಗಕ್ಕೇ ಬಿತ್ತು. ಇಂಟರ್ನೆಟ್‌ನ ಹಳೆಯ ವಿಳಾಸ ಪದ್ಧತಿಯಾದ ಐಪಿವಿ4ರಲ್ಲಿ ಇರುವುದೇ ಸುಮಾರು 430 ಕೋಟಿ ವಿಳಾಸಗಳು. ಹಾಗಾಗಿ ಮೊಬೈಲ್ ಕಂಪನಿಗಳು ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಅನೇಕ ಗ್ರಾಹಕರನ್ನು ಇಡುತ್ತವೆ. ಒಳಗಿನವರು ಹೊರಗೆ ಹೋಗಬಹುದು, ಹೊರಗಿನವರು ತಾವಾಗಿ ಒಳಬರುವಂತಿಲ್ಲ. ಇಬ್ಬರೂ ಒಳಗಿದ್ದರೆ ಕೆಲವು ಉಪಾಯಗಳಿವೆ. ಅವೂ ಸೋತರೆ ನಡುವೆ ಇಬ್ಬರ ಮಾತನ್ನೂ ದಾಟಿಸುವ ಒಂದು ರಿಲೇ ಸರ್ವರ್ ಇಡಲೇಬೇಕು.

ಪಕ್ಕದಲ್ಲಿದ್ದವರು ನಕ್ಕರು. "ಹಾಗಾದರೆ ನಮ್ಮ ಕೆಲಸಕ್ಕೆ ಮೋಸವಿಲ್ಲ ಬಿಡಿ!" ನಗುವ ಹಕ್ಕು ಅವರಿಗಿತ್ತು. ಇನ್ನೊಬ್ಬರ ಸರ್ವರ್ ನಡೆಸಿಯೇ ಸಂಬಳ ಪಡೆಯುವವರು ಈ ಊರಿನಲ್ಲಿ ಎಷ್ಟು ಮಂದಿ! ಬಳಕೆದಾರರ ಕಂಪ್ಯೂಟರ್‌ಗಳನ್ನೇ ನಂಬಿ 2003ರಲ್ಲಿ ಶುರುವಾದ ಸ್ಕೈಪ್ ಕೂಡ 2012ರಲ್ಲಿ ಆ ಭಾರವನ್ನು ಮೈಕ್ರೋಸಾಫ್ಟ್‌ನ ಸರ್ವರ್‌ಗಳ ಮೇಲೆ ಹಾಕಿತು ಎಂದು ನೆನಪಿಸಿದವರೂ ಅವರೇ. ವಿಳಾಸಗಳಿಗೆ ಕೊರತೆಯಿಲ್ಲದ ಹೊಸ ಪದ್ಧತಿ ಐಪಿವಿ6ರ ಬಳಕೆಯಲ್ಲಿ ಭಾರತ ಮುಂಚೂಣಿಯಲ್ಲಿದೆಯಲ್ಲ ಎಂದೆ. ಯುವತಿ ಬಿಡಲಿಲ್ಲ: "ವಿಳಾಸ ಸಿಕ್ಕರೆ, ಹೊರಗಿನವರನ್ನು ತಡೆಯುವ ಫೈರ್‌ವಾಲ್ ತೆರೆದುಕೊಳ್ಳುತ್ತದೆಯೇ ಸರ್?"

ದಾವಣಗೆರೆಯ ಹುಡುಗನೊಬ್ಬ ಕೇಳಿದ್ದು ಇನ್ನೂ ಚುರುಕಾಗಿತ್ತು. ನೋಡ್‌ಗಳು ಒಂದೊಂದಾಗಿ ಬಿಟ್ಟುಹೋದರೆ ಏನಾಗುತ್ತದೆ ಎಂದು ನಾನು ಲೆಕ್ಕ ತೋರಿಸಿದ್ದೆ. "ನಮ್ಮ ಹಾಸ್ಟೆಲಿನಲ್ಲಿ ಕರೆಂಟ್ ಹೋದರೆ ಎಲ್ಲವೂ ಒಟ್ಟಿಗೆ ಹೋಗುತ್ತವೆ" ಎಂದ. ನೋಡ್‌ಗಳಿಗೆ ಸಂಖ್ಯೆಗಳನ್ನು ಯಾದೃಚ್ಛಿಕವಾಗಿ ಕೊಡುವುದರಿಂದ ಒಂದೇ ದತ್ತಾಂಶದ ಪ್ರತಿಗಳು ಬೇರೆ ಬೇರೆ ಊರುಗಳಲ್ಲಿ ಬೀಳುತ್ತವೆ, ಒಂದು ಬಡಾವಣೆ ಕತ್ತಲಾದರೆ ದೊಡ್ಡ ಜಾಲಕ್ಕೆ ಏನೂ ಆಗುವುದಿಲ್ಲ ಎಂದು ವಿವರಿಸಿದೆ. "ಜಾಲವೇ ಒಂದು ಹಾಸ್ಟೆಲಿನಷ್ಟಿದ್ದರೆ?" ಎಂದ. ಅದಕ್ಕೆ ಉತ್ತರ ಯಾದೃಚ್ಛಿಕತೆಯಲ್ಲಿಲ್ಲ, ಯುಪಿಎಸ್‌ನಲ್ಲಿದೆ. ಹೊರಗಡೆ ಒಂದೆರಡು ಗಟ್ಟಿ ನೋಡ್‌ಗಳನ್ನು ಇಡಬಹುದು. ಇಟ್ಟರೆ ನಡುವೆ ಮತ್ತೆ ಒಬ್ಬ ಬಂದು ಕೂರುತ್ತಾನೆ.

ಆ ಸಂಜೆ ಮಲ್ಲೇಶ್ವರದಲ್ಲಿ ಬೆಣ್ಣೆ ದೋಸೆ ತಿನ್ನುತ್ತಲೂ ಇದೇ ಚರ್ಚೆ. ರಿಲೇ ಇರಲಿ, ಆದರೆ ಅದು ಒಂದೇ ಕಂಪನಿಯ ಕೈಯಲ್ಲಿರಬಾರದು; ಯಾರು ಬೇಕಾದರೂ ನಡೆಸುವಂತಿರಬೇಕು, ಹಾದುಹೋಗುವ ಮಾತನ್ನು ಅದು ಓದಲಾಗದಂತಿರಬೇಕು ಎನ್ನುವಷ್ಟಕ್ಕೆ ನಾವೆಲ್ಲ ಒಪ್ಪಿದೆವು. ಬಿಲ್ ಯಾರು ಕಟ್ಟುವುದು ಎಂಬುದು ತೀರ್ಮಾನವಾಗಲಿಲ್ಲ. ರಿಲೇಯದ್ದನ್ನು ಹೇಳುತ್ತಿದ್ದೇನೆ, ದೋಸೆಯದ್ದನ್ನು ಯುವತಿಯೇ ಕೊಟ್ಟಳು.

ಮ್ಯೂನಿಕ್‌ಗೆ ಮರಳಿದ ಮೇಲೆ ಪ್ರಬಂಧಕ್ಕೆ ರಿಲೇ ಖರ್ಚಿನ ಭಾಗವೊಂದನ್ನು ಸೇರಿಸುತ್ತಿದ್ದೇನೆ. ಇದೆಲ್ಲ ಏಕೆ ಎಂದು ಇಲ್ಲಿನ ಸಹೋದ್ಯೋಗಿಗೆ ಅಚ್ಚರಿ. ಹಾಸ್ಟೆಲಿನಿಂದ ಹುಡುಗ ಕಳಿಸುತ್ತಿರುವ ಲಾಗ್ ಕಡತಗಳನ್ನು (ಯಂತ್ರಗಳ ದಾಖಲೆಗಳನ್ನು) ಆ ಸಹೋದ್ಯೋಗಿಯ ಮುಂದೆ ತೆರೆದಿಟ್ಟಿದ್ದೇನೆ.