ಏನ್ ಮಡಗಿದ್ದೀರಿ ಅಂತ ಮುಚ್ಚಿದ್ದೀರಿ?

"ಏನ್ ಮಡಗಿದ್ದೀರಿ ಅಂತ ಹಿಂಗ್ ಮುಚ್ಚಿದ್ದೀರಿ ಅವ್ವಾ?"

ಭಾನುವಾರ ಅಂಗಳದ ಕೆಲಸಕ್ಕೆ ಬಂದ ಅಜ್ಜಿ ಕೇಳಿದ ಮಾತು ಇದು. ಇವತ್ತು ಗುರುವಾರ. ಪಾತ್ರೆ ತೊಳೆಯುವಾಗಲೂ ಕಿವಿಯಲ್ಲಿ ಅದೇ.

ಮೂರು ವರ್ಷದ ಹಿಂದೆ ಕಾಂಪೌಂಡ್ ಒಳಗಿನ ಮಣ್ಣಿಗೆಲ್ಲ ವೀಡ್ ಮ್ಯಾಟ್, ಅಂದರೆ ಕಳೆ ಬರದ ಹಾಗೆ ಮಣ್ಣಿನ ಮೇಲೆ ಹಾಸುವ ಬಟ್ಟೆ, ಹಾಸಿಸಿದ್ದೆ. ಕಪ್ಪು ಪ್ಲಾಸ್ಟಿಕ್ ಎಳೆಯಲ್ಲಿ ನೇಯ್ದದ್ದು, 100 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ ನೂರು ಗ್ರಾಂ ತೂಕ. ಗಿಡ ಇದ್ದಲ್ಲಿ ಕತ್ತರಿಸಿ, ಅಂಚಿಗೆ ಯು ಪಿನ್ ಹೊಡೆದು, ಮೇಲೆ ಬಿಳಿ ಕಲ್ಲು ಹರಡಿದರು. "ಐದು ವರ್ಷ ಕಳೆ ಕೀಳೋ ಹಾಗೇ ಇಲ್ಲ ಮೇಡಂ" ಅಂದಿದ್ದ ನರ್ಸರಿ ಹುಡುಗ. ಅವನು ಬೇಕಂತಲೇ ಸುಳ್ಳು ಹೇಳಿದ ಅಂತ ನನಗೆ ಅನಿಸುವುದಿಲ್ಲ. ಮೊದಲ ವರ್ಷ ಒಂದು ಹುಲ್ಲೂ ಬರಲಿಲ್ಲ. ಬಂದವರೆಲ್ಲ ಎಷ್ಟು ಕ್ಲೀನಾಗಿದೆ ಅಂದರು. ನನಗೂ ಅದೇ ಬೇಕಿತ್ತು.

ಆಮೇಲೆ ಕಲ್ಲಿನ ಸಂದಿಯಲ್ಲಿ ಧೂಳು ಕೂತಿತು. ಉದುರಿದ ಎಲೆ ಅಲ್ಲೇ ಪುಡಿಯಾಯಿತು. ಅದರಲ್ಲಿ ಬೀಜ ಬಿದ್ದು ಮ್ಯಾಟ್ ಮೇಲೇ ಕಳೆ ಹುಟ್ಟಿತು. ಕೀಳೋಣ ಅಂದರೆ ಬೇರು ನೇಯ್ಗೆಯೊಳಗೆ ಸಿಕ್ಕಿಕೊಂಡಿರುತ್ತದೆ. ಜೇಕು ಅನ್ನೋ ಗಡ್ಡೆ ಹುಲ್ಲಂತೂ ಕೆಳಗಿನಿಂದ ಸೂಜಿಯ ಹಾಗೆ ಚುಚ್ಚಿಕೊಂಡೇ ಬಂತು. ಕಳೆದ ವಾರದ ಮಳೆಗೆ ನೀರು ಇಂಗದೆ ಗೇಟಿನ ಕೆಳಗಿನಿಂದ ರಸ್ತೆಗೆ ಹರಿದಾಗ ತೆಗೆಸಲೇಬೇಕು ಅನಿಸಿತು.

ಅಜ್ಜಿ ಕಲ್ಲು ಸರಿಸಿ, ದಾಸವಾಳದ ಬುಡದಲ್ಲಿ ಅಂಚು ಹಿಡಿದು ಎಳೆದರು. ಚರ್ರ್ ಅಂತ ಸದ್ದು. ಬಟ್ಟೆ ಹರಿಯಿತು ಅಂದುಕೊಂಡೆ. ಹರಿದದ್ದು ಬೇರು. ಮ್ಯಾಟ್ ಕೆಳಗಿನ ಮಣ್ಣಿನಲ್ಲಿ ತೇವ ಇದ್ದಿದ್ದೇ ಮೇಲ್ಪದರದಲ್ಲಿ. ಅದಕ್ಕೇ ಬೇರೆಲ್ಲ ಅಲ್ಲಿಗೆ ಬಂದು, ಬಟ್ಟೆಯ ಅಡಿಗೆ ಅಂಟಿ, ಬಿಳಿ ನೂಲಿನ ಬಲೆಯ ಹಾಗೆ ಹರಡಿತ್ತು. ಅಜ್ಜಿ ತಟ್ಟನೆ ಕೈಬಿಟ್ಟರು. ಎಳೆಯೋದು ನಿಲ್ಲಿಸಿ, ಕುಡುಗೋಲಿನಲ್ಲಿ ಮ್ಯಾಟನ್ನೇ ಚೂರು ಚೂರಾಗಿ ಕೊಯ್ದು ಬಿಡಿಸತೊಡಗಿದರು. ಯಾರದೋ ಮನೆಯ ಗಿಡ, ದಿನಗೂಲಿಯ ಕೆಲಸ. ಅಷ್ಟು ಜೋಪಾನ ನನಗೆ ಬರುತ್ತಿರಲಿಲ್ಲ.

ಕೆಳಗಿನ ಮಣ್ಣು ಗಾರೆಯ ಹಾಗಿತ್ತು. ಒಂದು ಹೆಂಟೆ ಎತ್ತಿ ಹೆಬ್ಬೆರಳಲ್ಲಿ ಒತ್ತಿದರು, ಒಡೆಯಲಿಲ್ಲ. ಗುದ್ದಲಿಯಲ್ಲಿ ಒಂದು ಗೇಣು ಅಗೆದರೂ ಒಂದು ಎರೆಹುಳ ಇಲ್ಲ. ಆಗ ಕೇಳಿದ್ದು ಆ ಮಾತು.

"ಏನಿಲ್ಲ ಅಜ್ಜಿ, ಕಳೆ ಬರಬಾರದು ಅಂತ" ಅಂದೆ.

"ಕಳೆಗೆ ಹೆದರ್ಕಂಡ್ರಾ?" ಅಂದು ಮತ್ತೆ ಕುಡುಗೋಲು ಹಿಡಿದರು.

ಹೌದು, ಹೆದರಿದ್ದೆ. ನಮ್ಮ ಬೀದಿಯೇ ಹೆದರಿದೆ. ಎಲ್ಲರ ಅಂಗಳಕ್ಕೂ ಇಂಟರ್‌ಲಾಕ್ ಟೈಲ್ಸ್ ಬಂದಿದೆ. ಎಲೆ ಉದುರಿಸುತ್ತದೆ ಅಂತ ಮೂಲೆ ಮನೆಯವರು ಹೊಂಗೆ ಮರದ ಅರ್ಧ ಕೊಂಬೆ ಕಡಿಸಿದರು. ಒಳ್ಳೆಯ ಜನವೇ, ಆದರೂ ಅವತ್ತು ಅವರ ಮೇಲೆ ಸಿಟ್ಟು ಬಂದಿತ್ತು. ನಾನು ಮಾತ್ರ ಏನು ಮಾಡುತ್ತಿದ್ದೆ? ದಿನಾ ಎಲೆ ಗುಡಿಸಿ ಕಸದ ಗಾಡಿಗೆ ಹಾಕುತ್ತಿದ್ದೆ. ಮಲೆನಾಡಿನ ಅಡಿಕೆ ತೋಟದಲ್ಲಿ ದರಗು (ಒಣಗಿದ ಎಲೆ), ಸೊಪ್ಪು ಹಾಸುವುದು ನೋಡಿದ್ದೇನೆ. ಅವರೂ ಮಣ್ಣು ಮುಚ್ಚುತ್ತಾರೆ. ಆದರೆ ಆ ಹೊದಿಕೆ ಕೊಳೆತು ಮಣ್ಣಾಗುತ್ತದೆ, ಮತ್ತೆ ಹಾಸಬೇಕು. ನಾನು ಹಾಸಿದ್ದು ಮೂರು ವರ್ಷ ಉದುರಿದ ಒಂದು ಎಲೆಯನ್ನೂ ಮಣ್ಣಿಗೆ ಮುಟ್ಟಿಸಲಿಲ್ಲ. ಗಿಡದ ಊಟವನ್ನು ನಾನೇ ಮೇಲಿಂದ ಮೇಲೆ ತೆಗೆದು ಹೊರಗೆ ಕಳಿಸಿದ್ದೆ.

ಗೇಟಿನಿಂದ ನಲ್ಲಿಯ ತನಕ ಓಡಾಡುವ ದಾರಿಯಲ್ಲಿ ಮಾತ್ರ ಮ್ಯಾಟ್ ಹಾಗೇ ಬಿಟ್ಟಿದ್ದೇನೆ. ಅಲ್ಲಿ ಜಲ್ಲಿ ಮಣ್ಣಿಗೆ ಇಳಿಯದ ಹಾಗೆ ಅದು ತಡೆದಿದೆ, ಗಿಡವೂ ಇಲ್ಲ. ಕುಂಡಗಳ ಕೆಳಗೂ ಒಂದು ತುಂಡು ಹಾಕಿದ್ದೇನೆ. ಗಿಡದ ಬುಡಕ್ಕೆ ಬೇಡವೇ ಬೇಡ, ಯಾರು ಕೇಳಿದರೂ ಹೇಳುತ್ತೇನೆ.

ಬಿಸಿಲಿಗೆ ಸಿಕ್ಕಿದ ಕಡೆ ಮ್ಯಾಟ್ ಎಳೆ ಎಳೆಯಾಗಿ ಬಿಟ್ಟುಕೊಂಡಿದೆ. ಬೆಳಿಗ್ಗೆ ಕಾಫಿ ಲೋಟ ಪಕ್ಕಕ್ಕಿಟ್ಟು ಮಣ್ಣಿನಿಂದ ಆ ಕಪ್ಪು ದಾರ ಆರಿಸುತ್ತಿದ್ದೇನೆ. ಇವತ್ತು ಒಂದು ಹಿಡಿ ಸಿಕ್ಕಿತು. ಕನಕಾಂಬರದ ಪಾತಿ ಇನ್ನೂ ಬಾಕಿ. ಅಜ್ಜಿ ಮುಂದಿನ ಭಾನುವಾರ ಬರುತ್ತಾರೆ. ಅಷ್ಟರಲ್ಲಿ ಹಾಸೋಕೆ ಬೇಕು ಅಂತ ಮೂಲೆ ಮನೆಯವರ ಹತ್ತಿರ ಎರಡು ಚೀಲ ಹೊಂಗೆ ಎಲೆ ಕೇಳಿ ತಂದಿದ್ದೇನೆ.